ಎರೆ ಮಣ್ಣಿನ ಹಿತ್ತಲಲ್ಲಿ ಶಟಲ್ ಕೋರ್ಟ್: ಬಿರುಕು ಬಿಡದಂತೆ ಕಟ್ಟುವುದು ಹೇಗೆ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ. ಮನೆಯ ಹಿತ್ತಲಲ್ಲಿ 60 ಅಡಿ ಉದ್ದ, 34 ಅಡಿ ಅಗಲದ ಜಾಗ ಖಾಲಿ ಬಿದ್ದಿದೆ. ಅಪ್ಪಟ ಎರೆ ಮಣ್ಣು. ಮಕ್ಕಳಿಗಾಗಿ ಶಟಲ್ ಕೋರ್ಟ್ ಮಾಡಿಸಬೇಕೆಂದಿದ್ದೇವೆ. ಮೇಲಿನ ಮಣ್ಣು ಕೆರೆದು, ಮರಳು ಹಾಸಿ, ನಾಲ್ಕು ಇಂಚು ಕಾಂಕ್ರೀಟ್ ಹಾಕಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಆದರೆ ಪಕ್ಕದ ಮನೆಯವರ ಅಂಗಳದ ಕಾಂಕ್ರೀಟ್ ಎರಡೇ ವರ್ಷಕ್ಕೆ ಸೀಳಿದೆ. ನಾವೇನು ಮಾಡಬೇಕು?

ಉತ್ತರ: ಈ ವರ್ಷ ಕಾಂಕ್ರೀಟ್ ಹಾಕಿಸಲೇಬೇಡಿ. ಮಳೆಗಾಲ ಮುಗಿದ ಮೇಲೆ ಎರೆ ಮಣ್ಣು ತೆಗೆಸಿ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಮೊರಂ) ತುಂಬಿಸಿ, ಅದನ್ನು ಚೆನ್ನಾಗಿ ಅದುಮಿಸಿ. ಮಕ್ಕಳು ಒಂದು ವರ್ಷ ಅದರ ಮೇಲೆಯೇ ಆಡಲಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದು ನೆಲ ಎಲ್ಲಿ ಕುಸಿಯುತ್ತದೆ, ಎಲ್ಲಿ ಉಬ್ಬುತ್ತದೆ ಎಂದು ಕಣ್ಣಾರೆ ಕಂಡ ನಂತರ ಕಾಂಕ್ರೀಟಿನ ಮಾತು. ಮೇಸ್ತ್ರಿ ಹೇಳಿದ ಮರಳು ಮಾತ್ರ ಬೇಡವೇ ಬೇಡ. ಕಾರಣವನ್ನು ಮುಂದೆ ಹೇಳುತ್ತೇವೆ.

ಎರೆ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ರಚನೆ ಅದರದು. ನೀರು ಆ ಹಾಳೆಗಳ ನಡುವೆ ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಎರೆ ಹೊಲದ ಬಿರುಕಿಗೆ ಅಂಗೈ ಇಳಿಯುವುದು, ಆಗಸ್ಟ್‌ನಲ್ಲಿ ಅದೇ ಬಿರುಕು ಗುರುತೇ ಇಲ್ಲದಂತೆ ಮುಚ್ಚಿಕೊಳ್ಳುವುದು ಈ ಕಾರಣಕ್ಕೆ. 5 ಇಂಚು ದಪ್ಪದ ಕಾಂಕ್ರೀಟ್ ಒಂದು ಚದರ ಮೀಟರಿಗೆ ಸುಮಾರು 300 ಕೆಜಿ ತೂಗುತ್ತದೆ. ಜೋರಾಗಿ ಉಬ್ಬುವ ಎರೆ ಮಣ್ಣು ಅಷ್ಟೇ ಜಾಗದಲ್ಲಿ 10 ಟನ್‌ಗೂ ಹೆಚ್ಚಿನ ಬಲದಿಂದ ಮೇಲಕ್ಕೆ ತಳ್ಳಬಲ್ಲದು. ಹಾಗಾಗಿ ಕಾಂಕ್ರೀಟಿನ ದಪ್ಪ ಹೆಚ್ಚಿಸಿ, ಕಂಬಿ ಹೆಚ್ಚಿಸಿ ಈ ಮಣ್ಣನ್ನು ಅದುಮಿ ಹಿಡಿಯುತ್ತೇವೆಂಬುದು ಆಗದ ಕೆಲಸ.

ಪಕ್ಕದವರ ಅಂಗಳವನ್ನು ಒಮ್ಮೆ ಸರಿಯಾಗಿ ನೋಡಿ. ಕಾಂಕ್ರೀಟ್ ಮುಚ್ಚಿದ ಮೇಲೆ ನಡುವಿನ ಮಣ್ಣು ಬಿಸಿಲು ಕಾಣುವುದಿಲ್ಲ, ಅದರ ತೇವ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಅಂಚಿನ ಮಣ್ಣು ಮಾತ್ರ ಮಳೆಗೆ ನೆನೆದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಇಳಿಯುತ್ತದೆ. ನಡು ನಿಂತಲ್ಲೇ ನಿಂತು ಅಂಚು ಮಾತ್ರ ಏರಿಳಿದರೆ ಚಪ್ಪಡಿ ಎಲ್ಲಿ ಮುರಿಯಬೇಕು? ಅನೇಕ ಸಲ ಅಂಚಿನಿಂದ ಮೂರು ನಾಲ್ಕು ಅಡಿ ಒಳಗೆ, ಅಂಚಿಗೆ ಸಮಾನಾಂತರವಾಗಿ. ಬಿರುಕಿನ ಎರಡು ಬದಿಗಳು ಮೇಲೆ ಕೆಳಗಾಗಿದ್ದರೆ, ಬೇಸಿಗೆ ಮತ್ತು ಮಳೆಗಾಲದಲ್ಲಿ ಬಿರುಕಿನ ಅಗಲ ಬದಲಾಗುತ್ತಿದ್ದರೆ, ತಪ್ಪು ಕಾಂಕ್ರೀಟಿನದಲ್ಲ, ಕೆಳಗಿನ ಮಣ್ಣಿನದು. ಅಂಥ ಬಿರುಕಿಗೆ ಸಿಮೆಂಟ್ ಹಾಲು ಸುರಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಮೊದಲು ಮಣ್ಣನ್ನು ಪರೀಕ್ಷಿಸಿ

ಪ್ರಯೋಗಾಲಯದಲ್ಲಿ ಮಾಡುವ ಉಬ್ಬುವಿಕೆಯ ಪರೀಕ್ಷೆಯನ್ನು ಮನೆಯಲ್ಲೇ ಒರಟಾಗಿ ಮಾಡಿ ನೋಡಬಹುದು. ಎರಡು ಅಡಿ ಆಳದ ಮಣ್ಣು ತೆಗೆದು ಪೂರ್ತಿ ಒಣಗಿಸಿ, ಕುಟ್ಟಿ, ನಯವಾದ ಜರಡಿಯಲ್ಲಿ ಹಿಡಿಯಿರಿ. 100 ಮಿಲಿ ಅಳತೆಯ ಎರಡು ಗಾಜಿನ ಕೊಳವೆಗಳಲ್ಲಿ ತಲಾ 10 ಗ್ರಾಂ ಪುಡಿ ಹಾಕಿ, ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿಸಿ, ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು 10 ಮಿಲಿ ಗೆರೆಗೆ ನಿಂತು ನೀರಿನಲ್ಲಿ 15 ಮಿಲಿ ದಾಟಿದರೆ ಉಬ್ಬುವಿಕೆ ಶೇ 50ಕ್ಕಿಂತ ಹೆಚ್ಚು. ಆಗ ಈ ಲೇಖನದ ಯಾವ ಹೆಜ್ಜೆಯನ್ನೂ ಬಿಡುವಂತಿಲ್ಲ. 20 ಮಿಲಿ ದಾಟಿದರೆ ಒಮ್ಮೆ ಸಿವಿಲ್ ಎಂಜಿನಿಯರರಿಗೆ ತೋರಿಸಿಯೇ ಮುಂದುವರಿಯಿರಿ.

ತರಿಸುವ ಗರಸಿಗೂ ಇದೇ ಪರೀಕ್ಷೆ ಮಾಡಿ. ಎರೆ ಹೊಲದ ಪಕ್ಕದ ಗುಂಡಿಯಿಂದ ತೆಗೆದ ಗರಸಿನಲ್ಲಿ ಕಪ್ಪು ಜೇಡಿ ಬೆರೆತಿರುವುದು ಸಾಮಾನ್ಯ. ಅಂಥದ್ದನ್ನು ತುಂಬಿಸಿದರೆ ತೆಗೆದ ಮಣ್ಣನ್ನೇ ದುಡ್ಡು ಕೊಟ್ಟು ವಾಪಸು ತಂದಂತೆ.

ಅಳತೆ ಮತ್ತು ದಿಕ್ಕು

ಶಟಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ (13.40 × 6.10 ಮೀಟರ್). ಹಿಂದೆ ತಲಾ 5 ಅಡಿ, ಪಕ್ಕಕ್ಕೆ ತಲಾ 4 ಅಡಿ ಓಡಾಡುವ ಜಾಗ ಸೇರಿಸಿದರೆ ಚಪ್ಪಡಿ 54 × 28 ಅಡಿ. ನಿಮ್ಮ ಜಾಗದಲ್ಲಿ ಇದು ಕೂರುತ್ತದೆ, ಸುತ್ತ ಮೂರು ಅಡಿ ಉಳಿಯುತ್ತದೆ. ವಾಲಿಬಾಲ್‌ಗೆ 18 × 9 ಮೀಟರ್, ಬಾಲ್ ಬ್ಯಾಡ್ಮಿಂಟನ್‌ಗೆ 24 × 12 ಮೀಟರ್ ಬೇಕು. ಅವೆರಡೂ ಸುತ್ತಲಿನ ಜಾಗ ಸಮೇತ ಇಲ್ಲಿ ಆಗುವುದಿಲ್ಲ.

ಉದ್ದ ಉತ್ತರ-ದಕ್ಷಿಣವಾಗಿದ್ದರೆ ಬೆಳಗಿನ, ಸಂಜೆಯ ಬಿಸಿಲು ಯಾರ ಕಣ್ಣಿಗೂ ನೇರ ಹೊಡೆಯದು. ನಿಮ್ಮ ಜಾಗದ ಉದ್ದ ಪೂರ್ವ-ಪಶ್ಚಿಮಕ್ಕಿದ್ದರೆ ಪಶ್ಚಿಮದ ತುದಿಗೆ ಹತ್ತು ಅಡಿ ಎತ್ತರದ ಹಸಿರು ಶೇಡ್ ನೆಟ್ ಕಟ್ಟಿ. ಮುಂಗಾರಿನ ಪಡುವಣ ಗಾಳಿಯನ್ನೂ ಅದು ತಕ್ಕಮಟ್ಟಿಗೆ ತಡೆಯುತ್ತದೆ. ಬಯಲಲ್ಲಿ ಪುಕ್ಕದ ಶಟಲ್ ನಿಲ್ಲದು, ನೈಲಾನಿನದನ್ನೇ ಬಳಸಿ.

ಮೊದಲ ವರ್ಷ: ತಳಪಾಯ

ಕೆಲಸ ಶುರುಮಾಡಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಕೂಲಿಯಾಳು ಸುಲಭವಾಗಿ ಸಿಗುತ್ತಾರೆಂದು ಏಪ್ರಿಲ್-ಮೇನಲ್ಲಿ ಮಾಡಿಸುವವರೇ ಹೆಚ್ಚು, ಎಡವಟ್ಟಾಗುವುದೂ ಅಲ್ಲೇ. ಬಿರುಬೇಸಿಗೆಯಲ್ಲಿ ಮಣ್ಣು ಪೂರ್ತಿ ಕುಗ್ಗಿರುತ್ತದೆ. ಅದರ ಮೇಲೆ ಏನೇ ಕಟ್ಟಿದರೂ ಮೊದಲ ಮಳೆಗೆ ಮೇಲೇಳುತ್ತದೆ. ಮಳೆಗಾಲ ಮುಗಿದು ಮೇಲ್ಭಾಗ ಆರಿ, ಒಳಗೆ ಹದ ತೇವವಿರುವಾಗ ಮುಚ್ಚಿದರೆ ಮುಂದೆ ಅದು ಉಬ್ಬುವುದೂ ಕಡಿಮೆ, ಕುಗ್ಗುವುದೂ ಕಡಿಮೆ.

ಚಪ್ಪಡಿಗಿಂತ ಸುತ್ತಲೂ ಒಂದು ಅಡಿ ಹೆಚ್ಚಾಗಿ, ಅಂದರೆ 56 × 30 ಅಡಿ ಜಾಗವನ್ನು 21 ಇಂಚು ಆಳಕ್ಕೆ ತೆಗೆಸಿ. ಇದು 2,940 ಘನ ಅಡಿ ಮಣ್ಣು. ಅಗೆದಾಗ ಸಡಿಲಗೊಂಡು ಇನ್ನೂ ಕಾಲು ಭಾಗ ಹೆಚ್ಚುತ್ತದೆ, ಎಲ್ಲಿ ಸುರಿಯಬೇಕೆಂದು ಮೊದಲೇ ನಿರ್ಧರಿಸಿ. ಹೊಲಕ್ಕೆ ಕೊಟ್ಟರೆ ರೈತರು ಒಯ್ಯುತ್ತಾರೆ. ಗುಂಡಿಯ ತಳಕ್ಕೆ ನೀರು ಚಿಮುಕಿಸಿ ರೋಲರ್ ಓಡಿಸಿ. ಬೇರುಗಳೇನಾದರೂ ಇದ್ದರೆ ಪೂರ್ತಿ ಕಿತ್ತು ತೆಗೆಯಿರಿ.

ಈಗ ಗರಸು. ಅದುಮಿದ ನಂತರ 18 ಇಂಚು ದಪ್ಪ ನಿಲ್ಲಬೇಕಾದರೆ ಸಡಿಲ ಗರಸು ಸುಮಾರು 3,300 ಘನ ಅಡಿ, ಅಂದರೆ 33 ಬ್ರಾಸ್ ಬೇಕು. ಒಮ್ಮೆಗೇ ಸುರಿದು ಮೇಲಿಂದ ರೋಲರ್ ಹೊಡೆದರೆ ಮೇಲಿನ ನಾಲ್ಕಾರು ಇಂಚು ಮಾತ್ರ ಗಟ್ಟಿಯಾಗುತ್ತದೆ, ಕೆಳಗಿನದು ಮಳೆ ಬಂದಾಗ ಕುಸಿಯುತ್ತದೆ. 6 ಇಂಚಿನ ಪದರ ಹರಡಿ, ನೀರು ಹಾಕಿ, ಒಂದು ಟನ್ನಿನ ಬೇಬಿ ರೋಲರನ್ನು ಆರರಿಂದ ಎಂಟು ಸಲ ಓಡಿಸಿ. ಅದು ನಾಲ್ಕೂವರೆ ಇಂಚಿಗೆ ಇಳಿಯುತ್ತದೆ. ಹೀಗೆ ನಾಲ್ಕು ಪದರ. ನೀರಿನ ಹದ ತಿಳಿಯಲು ಗರಸನ್ನು ಮುಷ್ಟಿಯಲ್ಲಿ ಒತ್ತಿ ನೋಡಿ: ಉಂಡೆ ನಿಲ್ಲಬೇಕು, ಕೈಗೆ ಕೆಸರು ಅಂಟಬಾರದು. ಅದುಮಿದ ಪದರದ ಮೇಲೆ ಹಿಮ್ಮಡಿ ಬಲವಾಗಿ ಒತ್ತಿದರೆ ಗುಳಿ ಬೀಳಬಾರದು. ರೋಲರ್ ಹೋಗಲಾಗದ ಮೂಲೆಗಳಿಗೆ ಕೈ ದಿಮ್ಮಸು.

ಮರಳು ಏಕೆ ಬೇಡ ಎಂದರೆ, ಎರೆ ಮಣ್ಣಿನಲ್ಲಿ ತೋಡಿದ ಗುಂಡಿ ಒಂದು ತೊಟ್ಟಿಯಿದ್ದಂತೆ. ಅದಕ್ಕೆ ಮರಳು ತುಂಬಿದರೆ ಸುತ್ತಲಿನ ಮಳೆನೀರೆಲ್ಲ ಮರಳಿನೊಳಗೆ ಇಳಿದು, ಹೊರಹೋಗಲು ದಾರಿಯಿಲ್ಲದೆ ತಳದ ಜೇಡಿಯನ್ನು ತಿಂಗಳುಗಟ್ಟಲೆ ನೆನೆಸುತ್ತದೆ. ಬೇಕಿರುವುದು ಉಬ್ಬದ, ಆದರೆ ತುಸು ಜಿಗುಟಿರುವ, ನೀರನ್ನು ಸುಲಭವಾಗಿ ಬಿಟ್ಟುಕೊಡದ ಮಣ್ಣು. ಎರೆ ಭೂಮಿಯ ಕಾಲುವೆಗಳಂಥ ಕಾಮಗಾರಿಗಳಿಗೆ ಇಂಥ ಪದರ ಹಾಕುವ ವಿಧಾನವನ್ನು ರೂಪಿಸಿದವರು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ. ನಮ್ಮ ಸೀಮೆಯ ಒಳ್ಳೆಯ ಗರಸು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಒಳ್ಳೆಯ ಗರಸು ಹತ್ತಿರದಲ್ಲಿ ಸಿಗದಿದ್ದರೆ ಸುಣ್ಣದ ದಾರಿ ಇದೆ. 9 ಇಂಚು ಎರೆ ಮಣ್ಣಿಗೆ ತೂಕದಲ್ಲಿ ಶೇ 5ರಷ್ಟು ಅರಳಿಸಿದ ಸುಣ್ಣದ ಪುಡಿ ಬೆರೆಸಿದರೆ ಅದರ ಉಬ್ಬುವ ಗುಣ ಬಹಳಷ್ಟು ತಗ್ಗುತ್ತದೆ. ಈ ಜಾಗಕ್ಕೆ ಸುಮಾರು 2.7 ಟನ್ ಸುಣ್ಣ ಬೇಕಾಗುತ್ತದೆ. ಗುದ್ದಲಿಯಿಂದ ಬೆರೆಸಿದರೆ ಹೆಂಟೆಗಳು ಹಾಗೆಯೇ ಉಳಿಯುತ್ತವೆ. ಟ್ರ್ಯಾಕ್ಟರಿನ ರೋಟವೇಟರ್ ಎರಡು ಮೂರು ಸಲ ಹೊಡೆಸಿ, ನೀರು ಹಾಕಿ ಒಂದು ದಿನ ಬಿಟ್ಟು, ಮತ್ತೆ ಹೊಡೆಸಿ ಅದುಮಬೇಕು. ಸುಣ್ಣದ ಧೂಳು ಕಣ್ಣು, ಚರ್ಮ ಸುಡುತ್ತದೆ. ಕನ್ನಡಕ, ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸಬೇಡಿ. ಇದು ಗರಸಿಗೆ ಪೂರ್ತಿ ಬದಲಿಯಲ್ಲ, ಇದರ ಮೇಲೂ 9 ಇಂಚು ಗರಸು ಬೇಕು.

ಇಳಿಜಾರನ್ನು ಗರಸಿನ ಪದರದಲ್ಲೇ ಕೊಟ್ಟುಬಿಡಿ. 28 ಅಡಿ ಅಗಲಕ್ಕೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಮೂರೂಕಾಲು ಇಂಚು, ಅಂದರೆ ನೂರಕ್ಕೆ ಒಂದರಂತೆ, ಮನೆಯಿಂದ ಆಚೆಗೆ. ನಡುವೆ ಎತ್ತರಿಸಿ ಎರಡೂ ಕಡೆ ಇಳಿಸುವುದು ಬೇಡ, ಉದ್ದಕ್ಕೆ ಇಳಿಸುವುದೂ ಬೇಡ. ಉದ್ದಕ್ಕೆ ಇಳಿಸಿದರೆ ಒಂದು ಪಾಳೆಯದವರು ಸದಾ ತಗ್ಗಿನಲ್ಲಿ ನಿಂತು ಆಡಬೇಕಾಗುತ್ತದೆ. ಟ್ಯೂಬ್ ಲೆವೆಲ್ಲಿನಲ್ಲಿ (ನೀರು ತುಂಬಿದ ಪಾರದರ್ಶಕ ಕೊಳವೆ) ಮಟ್ಟ ಗುರುತಿಸಿ ದಾರ ಕಟ್ಟಿ, ಕಣ್ಣಂದಾಜಿಗೆ ಬಿಡಬೇಡಿ.

ಅಂಚಿಗೆ ಹಾಕುವ ಅಡ್ಡಗೋಡೆಯನ್ನು ಹೆಚ್ಚಿನವರು ಮರೆಯುತ್ತಾರೆ. ನಮ್ಮ ಮಟ್ಟಿಗೆ ಗರಸಿನಷ್ಟೇ ಮುಖ್ಯವಾದ ಕೆಲಸ ಅದು. ತುಂಬಿದ ಜಾಗದ ನಾಲ್ಕೂ ಅಂಚಿಗೆ ಒಂದು ಅಡಿ ಅಗಲ, ಮೂರು ಅಡಿ ಆಳದ ಕಾಲುವೆ ತೋಡಿ, ಒಳಮಗ್ಗುಲಿಗೆ ದಪ್ಪ ಪಾಲಿಥೀನ್ ಹಾಳೆಯನ್ನು ನೇರ ಇಳಿಬಿಟ್ಟು, ಗರಸು ತುಂಬಿ ಅದುಮಿ. ಬೇಸಿಗೆಯಲ್ಲಿ ಪಕ್ಕದಿಂದ ತೇವ ಆರುವುದನ್ನೂ ಮಳೆಗಾಲದಲ್ಲಿ ನೀರು ನುಗ್ಗುವುದನ್ನೂ ಈ ಹಾಳೆ ತಡೆಯುತ್ತದೆ. ಕಾಂಪೌಂಡ್ ಗೋಡೆ ಹತ್ತಿರವಿದ್ದರೆ ಇಡೀ ಉದ್ದಕ್ಕೆ ಒಮ್ಮೆಲೇ ತೋಡಬೇಡಿ, ಗೋಡೆಯ ಪಾಯ ಸಡಿಲಾದೀತು. ಹತ್ತು ಹತ್ತು ಅಡಿ ತೋಡಿ, ತುಂಬಿ, ಮುಂದೆ ಸಾಗಿ.

ನೀರಿನ ಇತರ ದಾರಿಗಳನ್ನೂ ಈಗಲೇ ಸರಿಪಡಿಸಿ. ತಾರಸಿಯ ಪೈಪು, ಬಚ್ಚಲ ನೀರು, ಸಂಪಿನ ಓವರ್‌ಫ್ಲೋ ಯಾವುದೂ ಕೋರ್ಟಿನ ಬಳಿ ಇಂಗಬಾರದು. ಇಳಿಜಾರಿನ ಬದಿಗೆ 9 ಇಂಚು ಅಗಲದ ಸಿಮೆಂಟ್ ಚರಂಡಿ ಕಟ್ಟಿಸಿ, ನೀರನ್ನು ಜಾಗದಿಂದ ಆಚೆಗೆ ಒಯ್ಯಿರಿ. ಮಣ್ಣಿನ ಚರಂಡಿ ಅಲ್ಲಿ ಉಪಯೋಗಕ್ಕಿಂತ ಹಾನಿಯೇ ಹೆಚ್ಚು. ಒಂದೇ ಬದಿಗೆ ಹೂಗಿಡ ಹಾಕಿ ದಿನಾ ನೀರುಣಿಸಿದರೂ ಆ ಬದಿ ಮಾತ್ರ ಉಬ್ಬುತ್ತದೆ. ಬೇವು, ನೀಲಗಿರಿಯಂಥ ಮರಗಳು ಬೇಸಿಗೆಯಲ್ಲಿ ಆಳದ ತೇವ ಹೀರಿ ನೆಲ ಕುಸಿಯುವಂತೆ ಮಾಡುತ್ತವೆ. ಹೊಸದಾಗಿ ನೆಡುವುದಾದರೆ ಮರ ಬೆಳೆಯುವ ಎತ್ತರದಷ್ಟಾದರೂ ದೂರ ನೆಡಿ.

ಗರಸು ಮುಗಿದ ಮೇಲೆ ಮೂರು ಇಂಚು ಕೆಂಪು ಮಣ್ಣನ್ನು ಜರಡಿ ಹಿಡಿದು, ಮೂರನೇ ಒಂದು ಭಾಗ ಜಲ್ಲಿಪುಡಿ ಬೆರೆಸಿ, ಹರಡಿ ಅದುಮಿ. ಸಗಣಿ ನೀರು ಸಾರಿಸಿದರೆ ಧೂಳು ಏಳುವುದಿಲ್ಲ. ಸುಣ್ಣದ ಗೆರೆ ಎಳೆದು ಆಟ ಶುರು ಮಾಡಿಸಿ. ಮಣ್ಣಿನ ಕೋರ್ಟ್ ಮಕ್ಕಳ ಮಂಡಿಗೂ ಹಿತ. ಗುಳಿ ಬಿದ್ದಲ್ಲಿ ಮಣ್ಣು ತುಂಬಿ ರೋಲರ್ ಎಳೆದರೆ ಮುಗಿಯಿತು. ಈ ವರ್ಷವೆಲ್ಲ ಆಡಿ ಇದರಲ್ಲೇ ತೃಪ್ತಿಯಾದರೆ ಕಾಂಕ್ರೀಟಿನ ಖರ್ಚನ್ನೇ ಬಿಟ್ಟುಬಿಡಿ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಎರಡನೇ ವರ್ಷ: ಚಪ್ಪಡಿ

ಮುಂದಿನ ಡಿಸೆಂಬರಿನಲ್ಲಿ ದಾರ ಕಟ್ಟಿ ಮಟ್ಟ ನೋಡಿ. ಅರ್ಧ ಇಂಚಿಗಿಂತ ಹೆಚ್ಚು ಕುಸಿದ ಅಥವಾ ಉಬ್ಬಿದ ಜಾಗವಿದ್ದರೆ ಅಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಪಡಿಸುವವರೆಗೆ ಕಾಂಕ್ರೀಟ್ ಬೇಡ. ಎಲ್ಲ ಸರಿಯಿದ್ದರೆ ಮೇಲಿನ ಕೆಂಪು ಮಣ್ಣನ್ನು ಕೆರೆದು ತೆಗೆದು, ಜಲ್ಲಿ ಮತ್ತು ಜಲ್ಲಿಪುಡಿಯ ಮಿಶ್ರಣವನ್ನು ಅದುಮಿದ ನಂತರ 4 ಇಂಚು ನಿಲ್ಲುವಂತೆ ಹಾಕಿಸಿ. ಸಡಿಲ ಲೆಕ್ಕದಲ್ಲಿ ಸುಮಾರು 700 ಘನ ಅಡಿ. ಮೇಲೆ ತೆಳುವಾಗಿ ಪುಡಿ ಉದುರಿಸಿ, 250 ಮೈಕ್ರಾನ್ ಪಾಲಿಥೀನ್ ಹಾಳೆಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಒಂದು ಅಡಿ ಬರುವಂತೆ ಹಾಸಿ.

ಚಪ್ಪಡಿ 5 ಇಂಚು. ಕೋರ್ಟನ್ನು ಎಂಟು ಅಂಕಣ ಮಾಡಿ: ಉದ್ದಕ್ಕೆ ಹದಿಮೂರೂವರೆ ಅಡಿಯ ನಾಲ್ಕು ಭಾಗ, ಅಗಲಕ್ಕೆ 14 ಅಡಿಯ ಎರಡು ಭಾಗ. ಆಗ ಒಂದು ಜಂಟಿ ಸರಿಯಾಗಿ ನೆಟ್ಟಿನ ಕೆಳಗೆ ಬರುತ್ತದೆ, ಉದ್ದದ ಜಂಟಿ ಕೋರ್ಟಿನ ನಡುಗೆರೆಯ ಅಡಿಗೇ ಹೋಗುತ್ತದೆ. ಕಾಂಕ್ರೀಟ್ ಆರುವಾಗ ಕುಗ್ಗಿಯೇ ಕುಗ್ಗುತ್ತದೆ. ನಾವು ಗೆರೆ ಕೊಡದಿದ್ದರೆ ಅದು ತನಗೆ ತೋಚಿದಲ್ಲಿ ಗೆರೆ ಮಾಡಿಕೊಳ್ಳುತ್ತದೆ.

ಸೈಟಿನಲ್ಲೇ ಕಲಸುವುದಾದರೆ ಸಿಮೆಂಟ್, ಮರಳು, ಜಲ್ಲಿ 1:1½:3 ಮಿಶ್ರಣ. ಒಟ್ಟು ಸುಮಾರು 145 ಚೀಲ ಸಿಮೆಂಟ್, 270 ಘನ ಅಡಿ ಎಂ ಸ್ಯಾಂಡ್, 540 ಘನ ಅಡಿ 20 ಎಂಎಂ ಜಲ್ಲಿ. ಒಂದು ಅಂಕಣಕ್ಕೆ 18 ಚೀಲ. ಒಂದು ಚೀಲಕ್ಕೆ ನೀರು 30 ಲೀಟರ್ ಮೀರಬಾರದು, ಮರಳಿನಲ್ಲಿರುವ ತೇವವೂ ಈ ಲೆಕ್ಕಕ್ಕೆ ಸೇರಿದ್ದು. ಸುಲಭವಾಗಿ ಹರಡಲೆಂದು ಕೆಲಸದವರು ಒಂದು ಬಕೆಟ್ ಹೆಚ್ಚು ಸುರಿಯುವುದನ್ನು ನಿಂತು ತಡೆಯಬೇಕು. ಮೇಲ್ಪದರ ಪುಡಿಪುಡಿಯಾಗಿ ಏಳುವುದಕ್ಕೆ ಮುಖ್ಯ ಕಾರಣವೇ ಆ ಬಕೆಟ್. ಅಂಕಣಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಹಾಕಿ. ಪಕ್ಕದ ಅಂಕಣ ಮೇಲೆ ಕೆಳಗಾಗದಂತೆ ಜಂಟಿಯಲ್ಲಿ ಅಡಿಗೊಂದರಂತೆ ಒಂದೂವರೆ ಅಡಿ ಉದ್ದದ 12 ಎಂಎಂ ನುಣುಪು ಸರಳು ಇಡಿ. ಅದರ ಅರ್ಧಕ್ಕೆ ಗ್ರೀಸ್ ಹಚ್ಚಿದರೆ ಚಪ್ಪಡಿ ಅಡ್ಡಕ್ಕೆ ಸರಿದಾಡಬಲ್ಲದು.

ರೆಡಿ ಮಿಕ್ಸ್ ತರಿಸಿದರೆ ಎಂ 25 ದರ್ಜೆ, 18 ಘನ ಮೀಟರ್ ಬೇಕು. ಒಂದೇ ದಿನ ಹಾಕಿ ಮುಗಿಸಿ, ಅಂದೇ ರಾತ್ರಿಯೊಳಗೆ ಯಂತ್ರದಿಂದ ಒಂದೂವರೆ ಇಂಚು ಆಳಕ್ಕೆ ಜಂಟಿ ಕೊಯ್ಯಿಸಿ. ಕೊಯ್ಯುವವರು ನಾಳೆ ಬರುತ್ತೇವೆಂದರೆ ಒಪ್ಪಬೇಡಿ, ಅಷ್ಟರೊಳಗೆ ಬಿರುಕು ಬಂದಿರುತ್ತದೆ. ಈ ವಿಧಾನದಲ್ಲಿ ಜಂಟಿ ದಾಟುವ ಕಂಬಿಗಳಲ್ಲಿ ಒಂದು ಬಿಟ್ಟು ಒಂದನ್ನು ಮೊದಲೇ ಕತ್ತರಿಸಿರಬೇಕು.

ಕಂಬಿ 8 ಎಂಎಂ, ಎರಡೂ ದಿಕ್ಕಿಗೆ 8 ಇಂಚಿಗೊಂದು, ಒಟ್ಟು ಸುಮಾರು 580 ಕೆಜಿ. ಅದು ಮೇಲ್ಮೈಯಿಂದ 2 ಇಂಚು ಕೆಳಗೆ ನಿಲ್ಲಬೇಕು. ಹಾಳೆಯ ಮೇಲೆ ಜಾಲರಿ ಹಾಸಿ, ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಿಂದ ಎತ್ತುತ್ತೇವೆ ಎನ್ನುತ್ತಾರೆ. ಎತ್ತಿದ ಜಾಲರಿಯ ಮೇಲೆ ಮತ್ತೆ ಕಾಲಿಟ್ಟು ನಡೆಯುತ್ತಾರೆ, ಕೊನೆಗೆ ಅದು ತಳದಲ್ಲೇ ಉಳಿಯುತ್ತದೆ. ಜಾಲರಿಯನ್ನು ಎತ್ತಿ ಹಿಡಿಯುವ ಕಂಬಿಯ ಕುರ್ಚಿಗಳನ್ನು ಮೂರು ಅಡಿಗೊಂದರಂತೆ ಇಡಿಸಿ.

ಮೇಲ್ಮೈಗೆ ಮರದ ಪಲಗೆಯಿಂದ ತಿಕ್ಕಿ, ಮೆತ್ತಗಿನ ಪೊರಕೆಯನ್ನು ಒಂದೇ ದಿಕ್ಕಿಗೆ ಎಳೆದರೆ ಸಾಕು. ಕರಣೆಯಿಂದ ನುಣುಪು ಮಾಡಿದರೆ ಇಬ್ಬನಿ ಬಿದ್ದ ಬೆಳಿಗ್ಗೆ ಜಾರುತ್ತದೆ. ತೇಲಿ ಬಂದ ನೀರನ್ನು ಹೀರಲೆಂದು ಒಣ ಸಿಮೆಂಟ್ ಉದುರಿಸಲು ಬಿಡಬೇಡಿ, ಆ ಪದರ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಕ್ಯೂರಿಂಗ್‌ಗೆ ಮಡಿ ಕಟ್ಟಿ ನೀರು ನಿಲ್ಲಿಸುವ ಪದ್ಧತಿ ಎರೆ ಮಣ್ಣಿನ ಅಂಚಿಗೆ ಅಪಾಯ. ಒದ್ದೆ ಗೋಣಿಚೀಲ ಹೊದಿಸಿ 14 ದಿನ ಆರದಂತೆ ನೋಡಿಕೊಳ್ಳಿ.

ನೆಟ್ಟಿನ ಕಂಬಕ್ಕೆ ಒಂದೂವರೆ ಇಂಚಿನ ಜಿಐ ಪೈಪು, ಅದು ಕೂರಲು ಎರಡು ಇಂಚಿನ ಪೈಪಿನ 20 ಇಂಚು ತುಂಡು. ಆ ತುಂಡನ್ನು ಪಕ್ಕದ ಗೆರೆಯ ಮೇಲೆಯೇ, 15 ಇಂಚು ಚೌಕದ ಪ್ರತ್ಯೇಕ ಕಾಂಕ್ರೀಟ್ ಗುಂಡಿಯಲ್ಲಿ ನಿಲ್ಲಿಸಿ, ಚಪ್ಪಡಿಗೂ ಅದಕ್ಕೂ ನಡುವೆ ಅರ್ಧ ಇಂಚು ಥರ್ಮಾಕೋಲ್ ಇಡಿ. ಇಲ್ಲದಿದ್ದರೆ ಕಂಬದ ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಕಂಬ ತೆಗೆದಾಗ ಮುಚ್ಚಳ ಹಾಕುವುದನ್ನು ಮರೆಯಬೇಡಿ. ನೆಟ್ಟಿನ ಎತ್ತರ ಕಂಬದ ಬಳಿ 5 ಅಡಿ 1 ಇಂಚು, ನಡುವೆ 5 ಅಡಿ.

28 ದಿನ ಕಳೆದ ಮೇಲೆ ನೀರು ಸುರಿದು ಒಂದು ಗಂಟೆ ಬಿಟ್ಟು ನೋಡಿ. ನಿಂತ ನೀರಿನಲ್ಲಿ ಒಂದು ರೂಪಾಯಿ ನಾಣ್ಯ ಮುಳುಗಿದರೆ ಆ ಗುಳಿಯನ್ನು ತುಂಬಿಸಿದ ನಂತರವೇ ಬಣ್ಣ. ಜಂಟಿಗೆ ಪಾಲಿಯುರಿಥೇನ್ ಸೀಲೆಂಟ್ ತುಂಬಿಸಿ. ಬಣ್ಣ ಕ್ರೀಡಾಂಗಣಕ್ಕೆಂದೇ ಬರುವ, ಮರಳು ಬೆರೆತ ಅಕ್ರಿಲಿಕ್ ಆಗಿರಲಿ. ಎಪಾಕ್ಸಿ ಬಿಸಿಲಿಗೆ ಹಳದಿಗಟ್ಟುತ್ತದೆ, ಒದ್ದೆಯಾದರೆ ಜಾರುತ್ತದೆ. ಗೆರೆ 40 ಎಂಎಂ ಅಗಲ. ನೆಟ್ಟಿನಿಂದ ಆರೂವರೆ ಅಡಿಗೆ ಮುಂದಿನ ಸರ್ವಿಸ್ ಗೆರೆ, ಹಿಂದಿನ ಗೆರೆಯಿಂದ ಎರಡೂವರೆ ಅಡಿ ಒಳಗೆ ಡಬಲ್ಸ್ ಸರ್ವಿಸ್ ಗೆರೆ, ಸಿಂಗಲ್ಸ್ ಅಗಲ 17 ಅಡಿ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳೂ 14.723 ಮೀಟರ್ ಬಂದರೆ ಕೋರ್ಟಿನ ಮೂಲೆಗಳು ಲಂಬಕೋನದಲ್ಲಿವೆ ಎಂದರ್ಥ. ಇದನ್ನು ನೋಡದೆ ಟೇಪ್ ಅಂಟಿಸಬೇಡಿ.

ಬೇರೆ ಮಣ್ಣಿನವರಿಗೆ

ಮಸಾರಿ ಭೂಮಿ ಅಥವಾ ಕೋಲಾರ, ತುಮಕೂರು, ಮೈಸೂರು ಕಡೆಯ ಕೆಂಪು ಮಣ್ಣಾದರೆ ಇಷ್ಟೆಲ್ಲ ಬೇಕಿಲ್ಲ. ಮೇಲಿನ 6 ಇಂಚು ಮಣ್ಣು, ಬೇರು ತೆಗೆದು, ತಳ ಅದುಮಿ, 4 ಇಂಚು ಜಲ್ಲಿ, 4 ಇಂಚು ಚಪ್ಪಡಿ ಸಾಕು. ಇಳಿಜಾರು, ಜಂಟಿ, ಕ್ಯೂರಿಂಗ್ ಮಾತ್ರ ಅದೇ.

ಮಲೆನಾಡು, ಕರಾವಳಿಯಲ್ಲಿ ಜಂಬಿಟ್ಟಿಗೆಯ ನೆಲ ಗಟ್ಟಿಯೇ ಇರುತ್ತದೆ, ಕಾಟ ಕೊಡುವುದು ಹಾವಸೆ. ಅಲ್ಲಿ ಇಳಿಜಾರನ್ನು 80ಕ್ಕೆ ಒಂದರಂತೆ ಹೆಚ್ಚಿಸಿ, ಪೊರಕೆಯ ಗೆರೆ ಸ್ವಲ್ಪ ಒರಟಾಗಿರಲಿ, ಮರದ ನೆರಳು ತಪ್ಪಿಸಿ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇರುವವರು ಹೊಸ ಕೋರ್ಟ್ ಕಟ್ಟುವ ಮೊದಲು ಅದನ್ನೇ ಅಳೆದು ನೋಡಿ. 52 × 26 ಅಡಿ ಇದ್ದರೂ ಮನೆ ಮಟ್ಟಿಗೆ ಸಾಕು. ಕಂಬಗಳಿಗೆ ಪೈಪಿನ ಎರಡು ಗುಂಡಿ ತೋಡಿಸಿ ಗೆರೆ ಎಳೆದರೆ ಆಯಿತು. ಮೇ ಕೊನೆಗೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಬ್ಲೀಚಿಂಗ್ ಪುಡಿಯ ನೀರು ಹಾಕಿ ತಿಕ್ಕಿ ತೊಳೆಯಿರಿ. ಅಡಿಕೆ ಹರಡುವ ಮುನ್ನ ಆ ನೀರಿನ ಅಂಶ ಪೂರ್ತಿ ಹೋಗುವಂತೆ ಎರಡು ಸಲ ಬರೀ ನೀರಿನಲ್ಲಿ ತೊಳೆದಿರಬೇಕು.